ಎಲ್ಲರಿಗೂ ಒಗ್ಗುವ ಮಾತ್ರೆ ಕೆಲವರಿಗೆ ಯಾಕೆ ಕುತ್ತು? ಅಕ್ಯೂಟ್ ಪೋರ್ಫೈರಿಯಾ ಮತ್ತು ಔಷಧಗಳ ಲೆಕ್ಕಾಚಾರ

ಹಬ್ಬ ಹತ್ತಿರ ಬಂದಾಗ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಒಂದು ಮಾತು ಮೆಲ್ಲಗೆ ಕೇಳಿಬರುತ್ತದೆ. “ಅಣ್ಣ, ಡೇಟ್ ಮುಂದೆ ಹೋಗೋ ಮಾತ್ರೆ ಕೊಡಿ.” ಅಂಗಡಿಯವರು ಹೆಚ್ಚೇನೂ ಕೇಳದೆ ಒಂದು ಸ್ಟ್ರಿಪ್ಪನ್ನು ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಅದರಲ್ಲಿರುವುದು ನಾರೆಥಿಸ್ಟೆರೋನ್, ಪ್ರೊಜೆಸ್ಟರಾನ್ ಹಾರ್ಮೋನಿನ ಹಾಗೆ ಕೆಲಸ ಮಾಡುವ ಔಷಧ. ನುಂಗಿದವರಲ್ಲಿ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಪೂಜೆ ಮುಗಿಯುತ್ತದೆ, ಮಾತ್ರೆ ನಿಲ್ಲಿಸುತ್ತಾರೆ, ಮುಟ್ಟು ಬರುತ್ತದೆ, ಅಷ್ಟೇ.

ಈಗ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಸುಮಾ ಅನ್ನೋಣ. ವಯಸ್ಸು 26. ವರಮಹಾಲಕ್ಷ್ಮಿ ಹಬ್ಬಕ್ಕೆ ವಾರ ಮುಂಚೆಯೇ ಈ ಮಾತ್ರೆ ಶುರು ಮಾಡಿದ್ದಾಳೆ. ಹಿಂದಿನ ರಾತ್ರಿ ಕಳಶ, ಅಲಂಕಾರ ಅಂತ ಓಡಾಡಿ ಸರಿಯಾಗಿ ಊಟ ಮಾಡಿಲ್ಲ. ಹಬ್ಬದ ದಿನ ಪೂಜೆ ಆಗುವವರೆಗೂ ಉಪವಾಸ, ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಮಾರನೇ ದಿನ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂದುಕೊಂಡರು. ಸಂಜೆಯ ಹೊತ್ತಿಗೆ ಹಾಸಿಗೆಯಲ್ಲಿ ಮಡಚಿಕೊಂಡು ಒದ್ದಾಡುವಷ್ಟಾಯಿತು.

ಆಸ್ಪತ್ರೆಯಲ್ಲಿ ಹೊಟ್ಟೆ ಒತ್ತಿ ನೋಡಿದರೆ ಮೆತ್ತಗೇ ಇದೆ. ಸ್ಕ್ಯಾನಿಂಗ್ ನಾರ್ಮಲ್. ನಾಡಿ 120, ಬಿಪಿ ಜಾಸ್ತಿ, ವಾಂತಿ, ಮೂರು ದಿನದಿಂದ ಮಲ ಹೋಗಿಲ್ಲ. ಮೂತ್ರ ಕಡು ಬಣ್ಣಕ್ಕೆ ತಿರುಗಿದೆ. ಮೂತ್ರದ ಇನ್‌ಫೆಕ್ಷನ್ ಇರಬಹುದು ಅಂತ ಕೋಟ್ರೈಮಾಕ್ಸಜೋಲ್ ಕೊಟ್ಟರು. ಇದು ಹಳೆಯ ಸಲ್ಫಾ ಗುಂಪಿನ ಮಾತ್ರೆ. ಎರಡು ದಿನ ಕಳೆದು ಫಿಟ್ಸ್ ಬಂತು. ಫಿಟ್ಸ್‌ಗೆ ಫೆನಿಟಾಯಿನ್ ಇಂಜೆಕ್ಷನ್ ಹಾಕಿದರು. ಆಮೇಲೆ ತೋಳು ಎತ್ತಲಾಗದಷ್ಟು ಸೋಲು ಬಂತು.

ಇಲ್ಲಿ ಯಾರೂ ದಡ್ಡತನ ಮಾಡಿಲ್ಲ, ನೋಡಿ. ಒಂದೊಂದು ಔಷಧವನ್ನೂ ಬಿಡಿಬಿಡಿಯಾಗಿ ನೋಡಿದರೆ ಅದನ್ನು ಕೊಟ್ಟಿದ್ದಕ್ಕೆ ಕಾರಣ ಇದೆ. ಆದರೆ ಸುಮಾಗೆ ಅಕ್ಯೂಟ್ ಇಂಟರ್‌ಮಿಟೆಂಟ್ ಪೋರ್ಫೈರಿಯಾ ಎಂಬ ವಂಶದಲ್ಲಿ ಬರುವ ಕಾಯಿಲೆ ಇದೆ. ಆ ಲೆಕ್ಕದಲ್ಲಿ ನಾರೆಥಿಸ್ಟೆರೋನ್, ಉಪವಾಸ, ಸಲ್ಫಾ, ಫೆನಿಟಾಯಿನ್ ನಾಲ್ಕೂ ಒಂದೇ ಬೆಂಕಿಗೆ ಸುರಿದ ಎಣ್ಣೆ. ಸುಮಾ ಕಲ್ಪನೆಯ ಹುಡುಗಿ. ಆದರೆ ಈ ಸರಪಳಿ ಕಲ್ಪನೆಯದಲ್ಲ. ಈ ಕಾಯಿಲೆಯ ಪ್ರಕರಣಗಳನ್ನು ಓದುತ್ತಾ ಹೋದರೆ ಇದೇ ಕಥೆ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಜನ ಕಾಯಿಲೆ ಗೊತ್ತಾಗುವ ಮುಂಚೆ ಅಪೆಂಡಿಕ್ಸ್ ಆಪರೇಷನ್ ಕೂಡ ಮಾಡಿಸಿಕೊಂಡಿರುತ್ತಾರೆ, ಸುಮ್ನೆ.

ಹೋಳಿಗೆ ಸಾಲು

ಇದು ಅರ್ಥವಾಗಬೇಕಾದರೆ ಲಿವರ್ ಒಳಗೆ ಒಮ್ಮೆ ಇಣುಕಬೇಕು.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತುವಿನ ಹೆಸರು ಕೇಳಿರುತ್ತೀರಿ. ಹಿಮೋಗ್ಲೋಬಿನ್‌ನಲ್ಲಿ ಇರುವುದು ಅದೇ. ನಮ್ಮ ಮೈಯಲ್ಲಿ ತಯಾರಾಗುವ ಹೀಮ್‌ನ ದೊಡ್ಡ ಪಾಲು ಮೂಳೆಯೊಳಗಿನ ಮಜ್ಜೆಯಲ್ಲಿ ತಯಾರಾಗುತ್ತದೆ. ಲಿವರ್ ಕೂಡ ತನ್ನ ಬಳಕೆಗೆ ಒಂದಿಷ್ಟು ಮಾಡಿಕೊಳ್ಳುತ್ತದೆ. ಅದರಲ್ಲಿ ಹೆಚ್ಚಿನದು ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪಿಗೆ ಹೋಗುತ್ತದೆ. ನಾವು ನುಂಗಿದ ಔಷಧಗಳನ್ನು ಒಡೆದು ಹೊರಹಾಕುವ ಕೆಲಸಗಾರರು ಇವರೇ.

ಹೀಮ್ ತಯಾರಿಯಲ್ಲಿ ಎಂಟು ಹಂತ, ಎಂಟು ಕಿಣ್ವ. ಮದುವೆ ಮನೆಯಲ್ಲಿ ಹೋಳಿಗೆ ಮಾಡಲು ಎಂಟು ಜನ ಸಾಲಾಗಿ ಕೂತಿದ್ದಾರೆ ಅಂದುಕೊಳ್ಳಿ. ಮೊದಲನೆಯವರು ಉಂಡೆ ಕಟ್ಟಿ ದಾಟಿಸುತ್ತಾರೆ, ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿ ಪಕ್ಕದವರಿಗೆ ಕೊಡುತ್ತಾರೆ, ಎಂಟನೆಯವರು ಬೆಂದ ಹೋಳಿಗೆಯನ್ನು ಹರಿವಾಣಕ್ಕೆ ಹಾಕುತ್ತಾರೆ. ಮೊದಲನೆಯವರ ಹೆಸರು ಎಎಲ್‌ಎ ಸಿಂಥೇಸ್. ಇಡೀ ಸಾಲಿನ ವೇಗ ಅವರ ಕೈಯಲ್ಲಿದೆ. ಅವರ ಒಂದು ಕಣ್ಣು ಯಾವಾಗಲೂ ಹರಿವಾಣದ ಮೇಲೆ. ಹೋಳಿಗೆ ಸಾಕಷ್ಟಿದ್ದರೆ ಕೈ ನಿಧಾನ, ಹರಿವಾಣ ಖಾಲಿಯಾದರೆ ಕೈ ಚುರುಕು.

ಸುಮಾಳ ಸಾಲಿನಲ್ಲಿ ಮೂರನೆಯವರ ಕೈ ಅರ್ಧ ವೇಗದ್ದು. ಅಪ್ಪನಿಂದಲೋ ಅಮ್ಮನಿಂದಲೋ ಬಂದ ಒಂದು ಜೀನ್ ಕೆಟ್ಟಿದೆ, ಇನ್ನೊಂದು ಸರಿಯಾಗಿದೆ. ಹಾಗಾಗಿ ಕಿಣ್ವ ಅರ್ಧದಷ್ಟೇ ಇದೆ. ಮಾಮೂಲಿ ದಿನಗಳಿಗೆ ಅರ್ಧವೇ ಸಾಕು. ಅದಕ್ಕೇ 26 ವರ್ಷ ಯಾರಿಗೂ ಏನೂ ಗೊತ್ತಾಗಿಲ್ಲ.

ಈಗ ಒಂದು ಔಷಧ ಬಂತು. ಅದನ್ನು ಒಡೆಯಲು ಪಿ450 ಕೆಲಸಗಾರರು ಹೆಚ್ಚು ಬೇಕು ಅಂತ ಲಿವರ್ ಹೊಸಬರನ್ನು ಕರೆಸುತ್ತದೆ. ಬಂದವರಿಗೆಲ್ಲ ಒಂದೊಂದು ಹೋಳಿಗೆ ಬಡಿಸಬೇಕು, ಅಂದರೆ ಹೀಮ್ ಬೇಕು. ಹರಿವಾಣ ಖಾಲಿ. ಮೊದಲನೆಯವರು ಗಾಬರಿಯಾಗಿ ಉಂಡೆ ಮೇಲೆ ಉಂಡೆ ಕಟ್ಟಿ ತಳ್ಳುತ್ತಾರೆ. ಮೂರನೆಯವರ ಹತ್ತಿರ ಬಂದು ಎಲ್ಲವೂ ರಾಶಿ ಬೀಳುತ್ತದೆ. ಹೋಳಿಗೆ ಮಾತ್ರ ಹರಿವಾಣಕ್ಕೆ ಬೇಕಾದಷ್ಟು ಬರುವುದೇ ಇಲ್ಲ. ಬಾರದ್ದರಿಂದ ಮೊದಲನೆಯವರು ಇನ್ನೂ ಜೋರು ಮಾಡುತ್ತಾರೆ.

ಹಾಗೆ ರಾಶಿ ಬೀಳುವ ಅರೆಬೆಂದ ಸರಕಿಗೆ ಎಎಲ್‌ಎ ಮತ್ತು ಪಿಬಿಜಿ ಅಂತ ಹೆಸರು. ಇವು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುತ್ತವೆ. ಅದರಲ್ಲೂ ಎಎಲ್‌ಎ ನರಗಳಿಗೆ ವಿಷ ಅನ್ನುವುದು ಈಗ ಬಹುಪಾಲು ತಜ್ಞರ ಅಭಿಪ್ರಾಯ. ಹೊಟ್ಟೆಯ ನರ ಕೆರಳಿದರೆ ಸಹಿಸಲಾಗದ ನೋವು, ಮಲಬದ್ಧತೆ. ಹೃದಯದ ನರ ಕೆರಳಿದರೆ ನಾಡಿ ಓಟ. ಕೈಕಾಲಿನ ನರ ಸೋತರೆ ಪಾರ್ಶ್ವವಾಯುವಿನಂಥ ಸ್ಥಿತಿ, ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರ್. ಹೊಟ್ಟೆಯಲ್ಲಿ ಊತವಾಗಲಿ ಕೀವಾಗಲಿ ಇಲ್ಲದೆಯೇ ಈ ಪರಿ ನೋವು ಬರುವುದರಿಂದಲೇ ಸ್ಕ್ಯಾನಿಂಗಿನಲ್ಲಿ ಏನೂ ಸಿಗುವುದಿಲ್ಲ. “ನಾಟಕ ಮಾಡ್ತಿದಾಳೆ” ಅನ್ನಿಸಿಕೊಂಡವರೂ ಇದ್ದಾರೆ.

ಉಪವಾಸ ಇದರಲ್ಲಿ ಹೇಗೆ ಬಂತು? ಹೊಟ್ಟೆಗೆ ಸಕ್ಕರೆ ಪಿಷ್ಟ ಬೀಳದಿದ್ದರೆ ಲಿವರ್‌ನಲ್ಲಿ ಏಳುವ ಹಸಿವಿನ ಸಂಕೇತ ಮೊದಲನೆಯವರ ಕೈಯನ್ನು ತಾನಾಗಿಯೇ ಚುರುಕು ಮಾಡುತ್ತದೆ. ಮದ್ಯ, ಸಿಗರೇಟು, ಜ್ವರ, ಮುಟ್ಟಿನ ಮುಂಚಿನ ದಿನಗಳ ಹಾರ್ಮೋನ್ ಏರಿಕೆ ಇವೂ ಅದೇ ದಾರಿಯಲ್ಲಿ ತಳ್ಳುತ್ತವೆ. ಹಾಗಾಗಿ ಆಕ್ರಮಣ, ಅಂದರೆ ಕಾಯಿಲೆ ಹೀಗೆ ಏಕಾಏಕಿ ಕೆರಳುವುದನ್ನು, ಅನುಭವಿಸುವವರಲ್ಲಿ ಹೆಚ್ಚಿನವರು ಹೆಂಗಸರು, ಅದೂ 15ರಿಂದ 45ರ ಒಳಗಿನವರು. ಮುಟ್ಟು ಶುರುವಾಗುವ ವಯಸ್ಸಿಗೆ ಮುಂಚೆ ಬರುವುದು ತೀರಾ ಅಪರೂಪ.

ಮೂಳೆ ಮಜ್ಜೆಯ ಹೋಳಿಗೆ ಸಾಲೇ ಬೇರೆ. ಅಲ್ಲಿ ಮೊದಲು ಕೂರುವವರು ಬೇರೆಯವರು, ಔಷಧ ಬಂತು ಅಂತ ಅವರು ಗಾಬರಿಯಾಗುವುದಿಲ್ಲ. ಹಾಗಾಗಿ ಹೀಮ್ ಕಾಯಿಲೆ ಅನ್ನಿಸಿಕೊಂಡರೂ ಇವರಿಗೆ ರಕ್ತಹೀನತೆ ಇರುವುದಿಲ್ಲ. ಹಿಮೋಗ್ಲೋಬಿನ್ ನೋಡಿ ಈ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ.

ಔಷಧಗಳ ಜೊತೆಗೇ ಹುಟ್ಟಿದ ಕಾಯಿಲೆ

ಈ ಕಾಯಿಲೆ ವೈದ್ಯರ ಕಣ್ಣಿಗೆ ಮೊದಲು ಬಿದ್ದಿದ್ದೇ ಒಂದು ಮಾತ್ರೆಯ ಮೂಲಕ. 1880ರ ದಶಕದ ಕೊನೆಯಲ್ಲಿ ಸಲ್ಫೋನಾಲ್ ಎಂಬ ನಿದ್ದೆ ಔಷಧ ಯುರೋಪಿನ ಮಾರುಕಟ್ಟೆಗೆ ಬಂತು. 1889ರಲ್ಲಿ ಡಚ್ ವೈದ್ಯ ಸ್ಟಾಕ್‌ವಿಸ್ ಒಂದು ಪ್ರಕರಣ ಬರೆದರು. ವಯಸ್ಸಾದ ಹೆಂಗಸೊಬ್ಬರು ಸಲ್ಫೋನಾಲ್ ತೆಗೆದುಕೊಂಡ ಮೇಲೆ ಕಡುಕೆಂಪು ಮೂತ್ರ ಮಾಡಿದರು, ಆಮೇಲೆ ತೀರಿಕೊಂಡರು. ಪೋರ್ಫೈರಿಯಾ ಎಂಬ ಹೆಸರೂ ಆ ಬಣ್ಣದ್ದೇ. ಗ್ರೀಕ್ ಭಾಷೆಯಲ್ಲಿ ನೇರಳೆಗೆಂಪಿಗೆ ಇರುವ ಮಾತಿನಿಂದ ಬಂದದ್ದು.

ನನಗೆ ಇದಕ್ಕಿಂತ ಹಿಡಿಸಿದ್ದು ದಕ್ಷಿಣ ಆಫ್ರಿಕಾದ ಕಥೆ. ಅಲ್ಲಿ ಜಾಸ್ತಿ ಇರುವುದು ವೇರಿಗೇಟ್ ಪೋರ್ಫೈರಿಯಾ. ಸುಮಾಳದ್ದರ ದಾಯಾದಿ ಅನ್ನಿ. ಇದರಲ್ಲಿ ಅರ್ಧ ವೇಗದ ಕೈ ಮೂರನೆಯವರದಲ್ಲ, ಏಳನೆಯವರದು. ಬಿಸಿಲಿಗೆ ಚರ್ಮದಲ್ಲಿ ಬೊಬ್ಬೆಯೂ ಏಳುತ್ತದೆ. 1950ರ ಸುಮಾರಿಗೆ ಪೋರ್ಟ್ ಎಲಿಜಬೆತ್ ಊರಿನಲ್ಲಿದ್ದ ವೈದ್ಯ ಜೆಫ್ರಿ ಡೀನ್ ಇಂಥ ರೋಗಿಗಳ ವಂಶಾವಳಿ ಹುಡುಕುತ್ತಾ ಹೋದರು. ಚರ್ಚಿನ ದಾಖಲೆ, ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟ ಹುಟ್ಟು ಸಾವು ಎಲ್ಲ ತಿರುವಿ ಹಾಕಿದರು. ಕುಟುಂಬದ ಮೇಲೆ ಕುಟುಂಬ, ಎಲ್ಲವೂ ಒಂದೇ ಜೋಡಿಗೆ ಹೋಗಿ ನಿಂತವು. 1688ರಲ್ಲಿ ಕೇಪ್‌ನಲ್ಲಿ ಮದುವೆಯಾದ ಗೆರಿಟ್ ಯಾನ್ಸ್ ಮತ್ತು ಆರಿಯಾಂಚೆ ಯಾಕೋಬ್ಸ್ ಎಂಬ ಡಚ್ ದಂಪತಿ. ಆರಿಯಾಂಚೆ ರಾಟರ್‌ಡ್ಯಾಮ್‌ನ ಅನಾಥಾಲಯದಿಂದ ಬಂದ ಹುಡುಗಿ. ಇವತ್ತು ಅಲ್ಲಿ ಸಾವಿರಾರು ಜನರ ಮೈಯಲ್ಲಿರುವುದು ಅದೇ ಒಂದು ಜೀನ್ ದೋಷ.

ಯೋಚನೆ ಮಾಡಿ. ಆ ಜೀನ್ ಇಟ್ಟುಕೊಂಡೇ ಆ ವಂಶ ಇನ್ನೂರೈವತ್ತು ವರ್ಷ ಹೊಲ ಉತ್ತಿದೆ, ದನ ಕಾಯ್ದಿದೆ, ಹತ್ತಾರು ಮಕ್ಕಳನ್ನು ಹೆತ್ತಿದೆ. ಕೈಮೇಲೆ ಒಂದಿಷ್ಟು ಗಾಯದ ಕಲೆ ಬಿಟ್ಟರೆ ದೊಡ್ಡ ತೊಂದರೆ ಕಡಿಮೆ. 20ನೇ ಶತಮಾನದಲ್ಲಿ ಬಾರ್ಬಿಟ್ಯುರೇಟ್ ನಿದ್ದೆಮಾತ್ರೆ, ಸಲ್ಫಾ ಔಷಧ, ಆಪರೇಷನ್‌ಗೆ ಪ್ರಜ್ಞೆ ತಪ್ಪಿಸುವ ಥಯೋಪೆಂಟೋನ್ ಬಂದವು ನೋಡಿ, ಅಲ್ಲಿಂದ ಪಾರ್ಶ್ವವಾಯು, ಸಾವು ಶುರುವಾಯಿತು. ಕಾಯಿಲೆ ಹಳೆಯದು, ಕುತ್ತು ಹೊಸದು.

ಇಂಥ ಜೀನ್ ಎಷ್ಟು ಜನರಲ್ಲಿದೆ ಅಂದರೆ ಆಶ್ಚರ್ಯವಾಗುತ್ತದೆ. ಪಾಶ್ಚಾತ್ಯ ದೇಶಗಳ ಜೀನ್ ದತ್ತಾಂಶದಲ್ಲಿ ಹೆಚ್ಚುಕಡಿಮೆ ಎರಡು ಸಾವಿರಕ್ಕೊಬ್ಬರಲ್ಲಿ ಸುಮಾಳಂಥ ದೋಷ ಸಿಗುತ್ತದೆ. ಆದರೆ ಅವರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ಆಕ್ರಮಣ ಆಗುತ್ತದೆ ಅನ್ನುವುದು ಅಂದಾಜು. ಆಗಲೇ ರೋಗಿ ಇರುವ ಮನೆತನಗಳಲ್ಲಿ ಈ ಪ್ರಮಾಣ ಜಾಸ್ತಿ. ನಮ್ಮ ದೇಶದಲ್ಲಿ ರಾಜಸ್ಥಾನದ ಬಿಕಾನೇರ್ ಕಡೆಯಿಂದ ಹಲವು ಪ್ರಕರಣಗಳು ವರದಿಯಾಗಿವೆ. ಬೇರೆ ಕಡೆ ಇಲ್ಲ ಅಂತಲ್ಲ, ಹುಡುಕಿದವರು ಕಡಿಮೆ.

ಪಟ್ಟಿ ಯಾರು ಮಾಡಿದ್ದು, ಹೇಗೆ ಮಾಡಿದ್ದು

ರೋಗ ಗೊತ್ತಾದ ಮೇಲೆ ಮೊದಲ ಪ್ರಶ್ನೆ “ಹಾಗಾದರೆ ನಾನು ಯಾವ ಮಾತ್ರೆ ತಗೋಬಹುದು?” ಇದಕ್ಕೆ ಪಟ್ಟಿಗಳಿವೆ. ನಾರ್ವೆಯ ಬರ್ಗೆನ್ ನಗರದಲ್ಲಿರುವ ಪೋರ್ಫೈರಿಯಾ ಕೇಂದ್ರ ನಾಪೋಸ್ ನಡೆಸುವ ದತ್ತಾಂಶ ಕೋಶ ಎಲ್ಲರೂ ನೋಡುವಂಥದ್ದು. ಅಮೆರಿಕನ್ ಪೋರ್ಫೈರಿಯಾ ಫೌಂಡೇಶನ್‌ದು ಇನ್ನೊಂದು. ಬ್ರಿಟನ್ನಿನಲ್ಲಿ ವೇಲ್ಸ್‌ನ ಔಷಧ ಮಾಹಿತಿ ಕೇಂದ್ರ ‘ಸೇಫ್’ ಔಷಧಗಳ ಪಟ್ಟಿ ಕೊಡುತ್ತದೆ.

ಇವನ್ನು ತೆರೆದ ತಕ್ಷಣ ಒಂದು ಗಲಿಬಿಲಿ. ಎಲ್ಲ ಪಟ್ಟಿಗಳೂ ಒಂದೇ ಮಾತು ಹೇಳುವುದಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ವಿಷಯದಲ್ಲೇ ವರ್ಷಗಟ್ಟಲೆ ಭಿನ್ನಾಭಿಪ್ರಾಯ ಇದೆ. ಯಾಕೆ ಹೀಗೆ?

ಒಂದು ಔಷಧ ಅಪಾಯವೋ ಅಲ್ಲವೋ ಅಂತ ನೋಡಲು ನೂರು ಜನ ಪೋರ್ಫೈರಿಯಾ ರೋಗಿಗಳಿಗೆ ಅದನ್ನು ಕೊಟ್ಟು ನೋಡಲು ಬರುವುದಿಲ್ಲ. ಅಷ್ಟು ಜನ ಸಿಗುವುದಿಲ್ಲ, ಸಿಕ್ಕರೂ ಹಾಗೆ ಮಾಡುವುದು ತಪ್ಪು. ಹಾಗಾಗಿ ಉಳಿದಿರುವುದು ಬಿಡಿ ಪ್ರಕರಣಗಳು. ಅವುಗಳ ತೊಂದರೆ ಏನು ಅಂತ ಸುಮಾಳನ್ನೇ ನೋಡಿ. ಅವಳಿಗೆ ವಾಂತಿ ಅಂತ ಒಂದು ಇಂಜೆಕ್ಷನ್ ಕೊಟ್ಟರು, ಮಾರನೇ ದಿನ ಕಾಯಿಲೆ ಜೋರಾಯಿತು ಅನ್ನೋಣ. ಇಂಜೆಕ್ಷನ್ನಿನಿಂದ ಜೋರಾಯಿತಾ? ಅಥವಾ ಆಕ್ರಮಣ ಆಗಲೇ ಶುರುವಾಗಿತ್ತು, ವಾಂತಿಯೇ ಅದರ ಮೊದಲ ಲಕ್ಷಣವಾಗಿತ್ತಾ? ಮಳೆ ಬಂದಾಗ ಎಲ್ಲರ ಕೈಯಲ್ಲೂ ಕೊಡೆ ಇರುತ್ತದೆ ಅಂತ ಕೊಡೆಯಿಂದ ಮಳೆ ಬಂತು ಅನ್ನಲಾಗುವುದಿಲ್ಲ ಅಲ್ವಾ? ಹೊಟ್ಟೆನೋವು, ವಾಂತಿ, ಆತಂಕ, ನಿದ್ದೆಗೆಡುವುದು ಇವುಗಳಿಗೆ ಕೊಡುವ ಔಷಧಗಳಿಗೆಲ್ಲ ಈ ಅನುಮಾನದ ನೆರಳು ಅಂಟಿಕೊಂಡೇ ಇರುತ್ತದೆ.

ಅದಕ್ಕೇ ತಜ್ಞರು ಇನ್ನೊಂದು ದಾರಿ ಹಿಡಿದರು. ಔಷಧದ ಗುಣ ನೋಡಿ ಮೊದಲೇ ಊಹಿಸುವುದು. ಇದು ಲಿವರ್‌ನಲ್ಲಿ ಪಿ450 ಕೆಲಸಗಾರರ ಸಂಖ್ಯೆ ಹೆಚ್ಚಿಸುತ್ತದೆಯೇ? ಕೆಲವು ಔಷಧಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಿ450 ಕಿಣ್ವವನ್ನೇ ಅದರೊಳಗಿನ ಹೀಮ್ ಸಮೇತ ಕೆಡಿಸುತ್ತವೆ. ಹರಿವಾಣವನ್ನೇ ಬೋರಲು ಹಾಕಿದ ಹಾಗೆ. ಇದು ಅಂಥದ್ದೇ? ಲಿವರ್‌ಗೆ ಹೋಗಿ ಒಡೆಯಬೇಕಾದ ಔಷಧವೋ, ಅಥವಾ ಕಿಡ್ನಿ ಮೂಲಕ ಹಾಗೇ ಹೊರಗೆ ಹೋಗುತ್ತದೋ? ಎಷ್ಟು ಡೋಸ್, ಎಷ್ಟು ದಿನ? ಕಣ್ಣಿಗೆ ಹಾಕುವ ಎರಡು ಹನಿಗೂ ವಾರಗಟ್ಟಲೆ ನುಂಗುವ ಮಾತ್ರೆಗೂ ಅಜಗಜಾಂತರ. ಇವುಗಳ ಜೊತೆ ಬಿಡಿ ಪ್ರಕರಣಗಳನ್ನೂ ತೂಗಿ ನೋಡಿ ನಾಪೋಸ್‌ನವರು ಐದು ದರ್ಜೆ ಮಾಡಿದ್ದಾರೆ. ಕೆರಳಿಸುವುದಿಲ್ಲ, ಬಹುಶಃ ಕೆರಳಿಸುವುದಿಲ್ಲ, ಕೆರಳಿಸಬಹುದು, ಬಹುಶಃ ಕೆರಳಿಸುತ್ತದೆ, ಕೆರಳಿಸುತ್ತದೆ. ನಡುವಿನ ಮೂರು ದರ್ಜೆಗಳನ್ನು ನೋಡಿ. ಪಟ್ಟಿ ಮಾಡಿದವರೇ ಪೂರ್ತಿ ಖಚಿತವಾಗಿ ಮಾತಾಡುತ್ತಿಲ್ಲ, ಅದನ್ನು ಮುಚ್ಚಿಟ್ಟೂ ಇಲ್ಲ. ನನಗೆ ಇದು ಕೆಂಪು ಹಸಿರು ಎರಡೇ ಬಣ್ಣದ ಪಟ್ಟಿಗಿಂತ ಪ್ರಾಮಾಣಿಕ ಅನ್ನಿಸುತ್ತದೆ.

ಎರಡು ತುದಿಗಳಲ್ಲಿ ಮಾತ್ರ ಜಗಳ ಕಡಿಮೆ. ಬಾರ್ಬಿಟ್ಯುರೇಟ್‌ಗಳು, ಸಲ್ಫಾ ಆಂಟಿಬಯಾಟಿಕ್‌ಗಳು, ಫೆನಿಟಾಯಿನ್, ಕಾರ್ಬಮಜಪೈನ್, ವಾಲ್ಪ್ರೊಯೇಟ್, ಟಿಬಿಯ ರಿಫಾಂಪಿಸಿನ್, ಚರ್ಮದ ಹುಳುಕಡ್ಡಿಗೆ ಹಿಂದೆ ಬಹಳ ಕೊಡುತ್ತಿದ್ದ ಗ್ರೈಸಿಯೋಫಲ್ವಿನ್, ಪ್ರೊಜೆಸ್ಟರಾನ್ ಜಾತಿಯ ಮಾತ್ರೆಗಳು ಇವೆಲ್ಲ ದೂರ ಇಡಬೇಕಾದವು. ಗರ್ಭ ನಿಲ್ಲದಿರಲಿ ಅಂತ ತುರ್ತಿಗೆ ನುಂಗುವ ಮಾತ್ರೆಯೂ ಇದೇ ಜಾತಿಯದ್ದು ಅನ್ನುವುದು ನೆನಪಿರಲಿ. ಈ ಕಡೆ ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್, ಮಾರ್ಫಿನ್, ಪೆನಿಸಿಲಿನ್ ಮತ್ತು ಅಮಾಕ್ಸಿಸಿಲಿನ್, ಜೆಂಟಾಮೈಸಿನ್, ಇನ್ಸುಲಿನ್, ಪ್ರೊಪ್ರನೊಲಾಲ್ ಇವನ್ನು ಪೋರ್ಫೈರಿಯಾ ಲೆಕ್ಕದಲ್ಲಿ ಸುರಕ್ಷಿತ ಅನ್ನುತ್ತಾರೆ. ಈ ಲೆಕ್ಕದಲ್ಲಿ ಮಾತ್ರ, ಗಮನಿಸಿ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಪೆನಿಸಿಲಿನ್ ಅಲರ್ಜಿ ಇದ್ದೇ ಇರುತ್ತದೆ.

ನಮ್ಮಲ್ಲಿ ಪಟ್ಟಿ ಬಳಸುವುದಕ್ಕೆ ಇನ್ನೊಂದು ಅಡ್ಡಿ ಇದೆ. ಪಟ್ಟಿಯಲ್ಲಿ ಇರುವುದು ಔಷಧದ ಮೂಲ ಹೆಸರು, ನಮ್ಮ ಬಾಯಲ್ಲಿ ಇರುವುದು ಬ್ರಾಂಡ್ ಹೆಸರು. ಒಂದೇ ಔಷಧಕ್ಕೆ ಹತ್ತಾರು ಬ್ರಾಂಡ್. ಅದರ ಮೇಲೆ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಕಲಸಿದ ಕಾಂಬಿನೇಷನ್‌ಗಳು. “ಹೊಟ್ಟೆನೋವಿಗೆ ಒಂದು ಕೊಡಿ” ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ ಒಂದಲ್ಲ, ಎರಡು ಔಷಧ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಪೂರ್ತಿ ಓದಿ, ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕಬೇಕು. ಪಟ್ಟಿಯಲ್ಲಿ ಹೆಸರೇ ಸಿಗಲಿಲ್ಲ ಅಂದರೆ ಅದು ಸೇಫ್ ಅಂತಲ್ಲ, ಯಾರೂ ಇನ್ನೂ ನೋಡಿಲ್ಲ ಅಂತ. ಏನು ಬೆರೆಸಿದ್ದಾರೆ ಅಂತಲೇ ಗೊತ್ತಿಲ್ಲದ ಚೂರ್ಣ, ಕಷಾಯಗಳ ಪಾಡೂ ಅದೇ. ಗಿಡಮೂಲಿಕೆ ಅಂದ ಮಾತ್ರಕ್ಕೆ ಲಿವರ್ ಅದನ್ನು ಬೇರೆ ಬಾಗಿಲಿನಿಂದ ಕಳಿಸುವುದಿಲ್ಲ.

ಹೆದರಿಕೆಯೂ ಒಂದು ಅಪಾಯ

ಇಷ್ಟು ಓದಿದ ಮೇಲೆ ಯಾವ ಔಷಧವೂ ಬೇಡಪ್ಪ ಅನ್ನಿಸಬಹುದು. ಅಲ್ಲೇ ಇನ್ನೊಂದು ಹಳ್ಳ ಇದೆ. ರೋಗಿಗೆ ಪೋರ್ಫೈರಿಯಾ ಅಂತ ಗೊತ್ತಾದ ಕೂಡಲೇ ಕೆಲವು ಕಡೆ ಹಲ್ಲು ಕೀಳಲೂ ಹಿಂದೆಮುಂದೆ ನೋಡುತ್ತಾರೆ. ನೋವಿನಲ್ಲಿ ಒದ್ದಾಡುವವರಿಗೆ ಮಾರ್ಫಿನ್ ಕೊಡದೆ ಸತಾಯಿಸುತ್ತಾರೆ. ಆದರೆ ಈ ನೋವಿಗೆ ಮಾರ್ಫಿನ್‌ನಂಥ ಗಟ್ಟಿ ಔಷಧವೇ ಬೇಕು, ಅದು ಸುರಕ್ಷಿತ ಕೂಡ.

ಟಿಬಿ ವಿಷಯ ನೋಡಿ. ಪ್ರಪಂಚದಲ್ಲೇ ಅತಿ ಹೆಚ್ಚು ಟಿಬಿ ರೋಗಿಗಳಿರುವ ದೇಶ ನಮ್ಮದು. ಟಿಬಿ ಚಿಕಿತ್ಸೆಯ ಬೆನ್ನೆಲುಬು ರಿಫಾಂಪಿಸಿನ್. ಅದು ಪಿ450 ಹೆಚ್ಚಿಸುವುದರಲ್ಲಿ ಎತ್ತಿದ ಕೈ. ಪೋರ್ಫೈರಿಯಾ ಇರುವವರಿಗೆ ಟಿಬಿ ಬಂದರೆ ಏನು ಮಾಡಬೇಕು? ಟಿಬಿಗೆ ಮದ್ದು ಕೊಡದಿರುವುದು ಉತ್ತರವಲ್ಲ. ಅದಿಲ್ಲದೆ ಬೇರೆ ಔಷಧಗಳನ್ನು ಜೋಡಿಸಲು ಆಗುತ್ತದೆಯೇ ಅಂತ ನೋಡಬೇಕು. ಕೊಡಲೇಬೇಕಾದರೆ ಮೂತ್ರದ ಪಿಬಿಜಿ ಆಗಾಗ ಅಳೆಯುತ್ತಾ, ಹೊಟ್ಟೆಗೆ ಸರಿಯಾಗಿ ಊಟ ಬೀಳುವ ಹಾಗೆ ನೋಡಿಕೊಳ್ಳುತ್ತಾ, ಆಕ್ರಮಣ ಬಂದರೆ ಚಿಕಿತ್ಸೆಗೆ ಸಿದ್ಧವಾಗಿ ಕೊಡಬೇಕು. ಪಟ್ಟಿ ಹೇಳುವುದು ಅಪಾಯ ಎಷ್ಟು ಅಂತ. ಆ ಅಪಾಯಕ್ಕೆ ಕೈ ಹಾಕಬೇಕೋ ಬೇಡವೋ ಅನ್ನುವುದು ಎದುರಿಗಿರುವ ಕಾಯಿಲೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಂತಿದೆ. ತಲೆನೋವಿಗೆ ಹಾಕದ ಕೈಯನ್ನು ಪ್ರಾಣ ಉಳಿಸಲು ಹಾಕಬೇಕಾಗುತ್ತದೆ.

ಫಿಟ್ಸ್‌ನದು ಇನ್ನೂ ಇಕ್ಕಟ್ಟು. ಆಕ್ರಮಣದಲ್ಲೇ ಫಿಟ್ಸ್ ಬರುತ್ತದೆ, ಫಿಟ್ಸ್‌ಗೆ ಥಟ್ಟನೆ ನೆನಪಾಗುವ ಫೆನಿಟಾಯಿನ್, ವಾಲ್ಪ್ರೊಯೇಟ್, ಫಿನೋಬಾರ್ಬಿಟೋನ್ ಮೂರೂ ಆಕ್ರಮಣವನ್ನು ಜೋರು ಮಾಡುತ್ತವೆ. ಇಲ್ಲಿ ಮೊದಲು ನೋಡಬೇಕಾದದ್ದು ರಕ್ತದ ಸೋಡಿಯಂ. ಪೋರ್ಫೈರಿಯಾ ಆಕ್ರಮಣದಲ್ಲಿ ಸೋಡಿಯಂ ಕುಸಿಯುವುದು ಸಾಮಾನ್ಯ, ಎಷ್ಟೋ ಸಲ ಫಿಟ್ಸ್‌ಗೆ ಅದೇ ಕಾರಣ. ಅದನ್ನು ನಿಧಾನವಾಗಿ ಸರಿಮಾಡಬೇಕು. ಔಷಧ ಬೇಕಾದರೆ ಲೆವೆಟಿರಾಸಿಟಮ್, ಗ್ಯಾಬಪೆಂಟಿನ್, ಮೆಗ್ನೀಸಿಯಂ ಸಲ್ಫೇಟ್ ಇವೆ. ಮೆಗ್ನೀಸಿಯಂ ಸಲ್ಫೇಟ್ ಹೆರಿಗೆ ವಾರ್ಡಿನಲ್ಲಿ ಯಾವಾಗಲೂ ಇರುತ್ತದೆ, ಬಾಣಂತಿಯರ ಫಿಟ್ಸ್‌ಗೆ ಅಂತ. ಹೆಸರಿನಲ್ಲಿ ‘ಸಲ್ಫೇಟ್’ ಇದೆ ಅಂತ ಸಲ್ಫಾ ಜೊತೆ ಸೇರಿಸಿ ಹೆದರಬಾರದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಗ್ಲೂಕೋಸ್ ಬಾಟಲಿಯ ಲೆಕ್ಕ

ಯಾವ ಕಾಯಿಲೆಗೂ ಒಂದು ಬಾಟಲಿ ಗ್ಲೂಕೋಸ್ ಏರಿಸುವ ಡಾಕ್ಟರನ್ನು ನಾವು ತಮಾಷೆ ಮಾಡುತ್ತೇವೆ. ಈ ಕಾಯಿಲೆಗೆ ಮಾತ್ರ ಗ್ಲೂಕೋಸ್ ನಿಜವಾದ ಔಷಧ. ಅದು ಹಸಿವಿನ ಸಂಕೇತ ಅಡಗಿಸಿ ಸಾಲಿನ ಮೊದಲನೆಯವರ ಕೈ ನಿಧಾನ ಮಾಡುತ್ತದೆ. ಆದರೆ ಬೇಕಾಗುವುದು ದಿನಕ್ಕೆ 300 ಗ್ರಾಂ ಅಥವಾ ಹೆಚ್ಚು. ಮಾಮೂಲಿ 500 ಎಂ.ಎಲ್., 5 ಪರ್ಸೆಂಟ್ ಬಾಟಲಿಯಲ್ಲಿರುವುದು 25 ಗ್ರಾಂ. ಅಂದರೆ 12 ಬಾಟಲಿ, ಆರು ಲೀಟರ್ ನೀರು! ಸೋಡಿಯಂ ಆಗಲೇ ಕುಸಿದಿರುವವರಿಗೆ ಅಷ್ಟು ನೀರು ಸುರಿದರೆ ಫಿಟ್ಸ್‌ಗೆ ಆಹ್ವಾನ ಕೊಟ್ಟ ಹಾಗೆ. ಅದಕ್ಕೇ 10 ಪರ್ಸೆಂಟ್ ಅಥವಾ ಇನ್ನೂ ಗಟ್ಟಿ ದ್ರಾವಣ ಬಳಸುತ್ತಾರೆ, ಸೋಡಿಯಂ ನೋಡುತ್ತಾ ನೋಡುತ್ತಾ.

ಗ್ಲೂಕೋಸ್ ಸಣ್ಣಪುಟ್ಟ ಆಕ್ರಮಣಕ್ಕೆ. ದೊಡ್ಡದಕ್ಕೆ ಬೇಕಾದದ್ದು ಹೀಮಿನ್, ಅಂದರೆ ಸಿದ್ಧ ಹೀಮ್. ಹೊರಗಿನಿಂದ ಹೋಳಿಗೆ ತಂದು ಹರಿವಾಣ ತುಂಬಿಸಿದರೆ ಮೊದಲನೆಯವರು ಕೈ ಕಟ್ಟಿ ಕೂರುತ್ತಾರೆ. ಕೆ.ಜಿ. ತೂಕಕ್ಕೆ 3ರಿಂದ 4 ಮಿ.ಗ್ರಾಂ. ಲೆಕ್ಕದಲ್ಲಿ, ದಿನಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕು ದಿನ. ಅಮೆರಿಕದಲ್ಲಿ 1983ರಿಂದಲೂ ಇದಕ್ಕೆ ಅನುಮತಿ ಇದೆ. ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೈಗೆಟುಕುವಂಥದ್ದಲ್ಲ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗಿವೊಸಿರಾನ್ ಇನ್ನೂ ಜಾಣ ಔಷಧ. ಮೊದಲನೆಯವರನ್ನು ತಯಾರಿಸಲು ಜೀನ್ ಕಳಿಸುವ ಚೀಟಿಯನ್ನೇ ದಾರಿಯಲ್ಲಿ ಹರಿದುಹಾಕುತ್ತದೆ. ತಿಂಗಳಿಗೊಂದು ಇಂಜೆಕ್ಷನ್, ಪದೇಪದೇ ಆಕ್ರಮಣ ಆಗುವವರಿಗೆ. ಅದರ ಬೆಲೆಯ ಮಾತು ಇಲ್ಲಿ ಬೇಡ.

ಈ ಔಷಧಗಳು ಕೈಗೆ ಸಿಗದ ಕಡೆ, ಕೆರಳಿಸುವ ಮಾತ್ರೆಯನ್ನು ಕೊಡದಿರುವುದೇ ಅತಿ ಅಗ್ಗದ ಚಿಕಿತ್ಸೆ. ಅದಕ್ಕೆ ಮೊದಲು ಕಾಯಿಲೆ ಗೊತ್ತಾಗಬೇಕಲ್ಲ. ಗೊತ್ತಾಗುವುದು ಕಷ್ಟವೇನಲ್ಲ. ನೋವು ಇರುವಾಗಲೇ ಹಿಡಿದ ಒಂದು ಸಲದ ಮೂತ್ರ ಸಾಕು, 24 ಗಂಟೆಯದ್ದು ಬೇಕಿಲ್ಲ. ಅದರಲ್ಲಿ ಪಿಬಿಜಿ ನೋಡಬೇಕು, ಜೊತೆಗೆ ಕ್ರಿಯಾಟಿನಿನ್. ‘ಪೋರ್ಫಿರಿನ್’ ಪರೀಕ್ಷೆ ಬರೆದರೆ ಸಾಲದು, ಅದು ಬೇರೆ ಕಾರಣಗಳಿಗೂ ಏರುತ್ತದೆ. ಬಾಟಲಿಗೆ ಬೆಳಕು ತಾಗಬಾರದು, ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತಿದರೂ ಆಯಿತು. ಹೊಸದಾಗಿ ಹಿಡಿದ ಮೂತ್ರ ಮಾಮೂಲಿ ಬಣ್ಣದ್ದೇ ಇರಬಹುದು. ಪಿಬಿಜಿಗೆ ಸ್ವಂತ ಬಣ್ಣ ಇಲ್ಲ. ಅದೇ ಮೂತ್ರವನ್ನು ಕಿಟಕಿಯ ಬಿಸಿಲಿನಲ್ಲಿ ಇಟ್ಟು ಒಂದೆರಡು ಗಂಟೆ ಬಿಟ್ಟು ನೋಡಿದರೆ ಚಹಾ ಡಿಕಾಕ್ಷನ್ ಬಣ್ಣಕ್ಕೋ ಕಡುಕೆಂಪಿಗೋ ತಿರುಗಿರುತ್ತದೆ. ಇದು ಪರೀಕ್ಷೆಗೆ ಬದಲಿಯಲ್ಲ, ಅನುಮಾನ ಹುಟ್ಟಿಸಲು ಸಾಕು.

ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಓದಿ ಈಗ ತೆಗೆದುಕೊಳ್ಳುತ್ತಿರುವ ಫಿಟ್ಸ್ ಮಾತ್ರೆಯನ್ನೋ ಟಿಬಿ ಮಾತ್ರೆಯನ್ನೋ ನೀವೇ ನಿಲ್ಲಿಸಬೇಡಿ. ಅನುಮಾನ ಇದ್ದರೆ ಡಾಕ್ಟರ ಹತ್ತಿರ “ಪಿಬಿಜಿ ಒಮ್ಮೆ ನೋಡಬಹುದಾ?” ಅಂತ ಕೇಳಿ.

ಸುಮಾಳ ಕಥೆಗೆ ಬರೋಣ. ಐದನೇ ದಿನ ಯಾರೋ ಒಬ್ಬ ಕಿರಿಯ ಡಾಕ್ಟರಿಗೆ ಹೊಳೆಯಿತು, ಪರೀಕ್ಷೆ ಆಯಿತು ಅನ್ನೋಣ. ಸಲ್ಫಾ, ಫೆನಿಟಾಯಿನ್ ನಿಂತವು. ತೋಳಿನ ಶಕ್ತಿ ವಾಪಸ್ ಬರಲು ತಿಂಗಳುಗಳೇ ಹಿಡಿಯುತ್ತವೆ, ಬರುತ್ತದೆ. ಆಮೇಲೆ ಮನೆಯವರ ಸರದಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಈ ಜೀನ್ ಇದ್ದೇ ಇರುವ ಸಾಧ್ಯತೆ ಜಾಸ್ತಿ, ಒಡಹುಟ್ಟಿದವರಿಗೆ ಅರ್ಧಕ್ಕರ್ಧ. ಪರೀಕ್ಷೆಯಲ್ಲಿ ಅವಳ ತಮ್ಮನಿಗೂ ಇದೆ ಅಂತ ಬಂತು. ಅವನಿಗೆ 22, ಒಂದು ದಿನವೂ ಹೊಟ್ಟೆನೋವು ಅಂದವನಲ್ಲ. “ನಂಗೇನಾಗಿದೆ?” ಅಂತಾನೆ. ಏನೂ ಆಗಿಲ್ಲ, ಬಹುಶಃ ಆಗುವುದೂ ಇಲ್ಲ. ಆದರೆ ಮುಂದಿನ ತಿಂಗಳು ಅವನಿಗೆ ಹರ್ನಿಯಾ ಆಪರೇಷನ್ ಇದೆ.

ಅವನ ಪರ್ಸಿನಲ್ಲಿ ಈಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಚೀಟಿ ಇದೆ. ಅನಸ್ತೇಶಿಯಾ ಡಾಕ್ಟರಿಗೆ ಅದನ್ನು ಮುಂಚೆಯೇ ತೋರಿಸಿದ್ದಾನೆ. ಥಯೋಪೆಂಟೋನ್ ಬದಲು ಪ್ರೊಪೊಫಾಲ್. ಆಂಟಿಬಯಾಟಿಕ್ ಬೇಕಾದರೆ ಪೆನಿಸಿಲಿನ್ ಜಾತಿಯದ್ದು. “ರಾತ್ರಿಯಿಂದ ಏನೂ ತಿನ್ನಬೇಡ” ಅಂತ ಹೇಳಿ ಮಧ್ಯಾಹ್ನದವರೆಗೆ ಕಾಯಿಸುವುದಿಲ್ಲ, ಬೆಳಗಿನ ಮೊದಲ ಆಪರೇಷನ್ ಅವನದೇ. ಕಾಯುವ ಹೊತ್ತಿಗೆ ಕೈಗೆ ಗ್ಲೂಕೋಸ್ ಡ್ರಿಪ್, ಹತ್ತು ಪರ್ಸೆಂಟ್‌ದು.